ವಿಯಾ ಸಿಸ್ತಿನಾದ ಮನೆ: ರೋಮ್‌ನಲ್ಲಿ ಆಂಜೆಲಿಕಾ ಕೌಫ್‌ಮನ್ ಮತ್ತು ಆಂಟೋನಿಯೊ ಝುಕ್ಕಿ ದಂಪತಿಯ ಹದಿಮೂರು ವರ್ಷ

1787ರ ಆಗಸ್ಟ್ ತಿಂಗಳಲ್ಲಿ ರೋಮ್‌ನಲ್ಲಿದ್ದ ಜರ್ಮನ್ ಕವಿ ಗಯಟೆ, ಅದೇ ನಗರದಲ್ಲಿ ನೆಲೆಸಿದ್ದ ತನ್ನ ಗೆಳತಿ, ಚಿತ್ರಕಲಾವಿದೆ ಆಂಜೆಲಿಕಾ ಕೌಫ್‌ಮನ್ ಕುರಿತು ಕಾಗದವೊಂದರಲ್ಲಿ ಕೆಲವು ಸಾಲು ಬರೆದ. ಅಷ್ಟು ದೊಡ್ಡ ಪ್ರತಿಭೆಯೂ ದಿನದಿನಕ್ಕೆ ಬೆಳೆಯುತ್ತಿರುವ ಸಂಪತ್ತೂ ಇದ್ದರೂ ಆಕೆ ಇರಬೇಕಾದಷ್ಟು ಸುಖವಾಗಿಲ್ಲ, ಮಾರುವುದಕ್ಕೆಂದು ಚಿತ್ರ ಬರೆದು ಬರೆದು ದಣಿದಿದ್ದಾಳೆ, ಆದರೆ ಸುಲಭದ ಕೆಲಸಕ್ಕೂ ಇಷ್ಟೊಂದು ದುಡ್ಡು ಬರುತ್ತಿರುವುದು ಆಕೆಯ ವಯಸ್ಸಾದ ಗಂಡನಿಗೆ ಬಲು ಇಷ್ಟವಾಗಿದೆ ಎಂಬುದು ಅದರ ಸಾರಾಂಶ. ಮುಂದಿನ ಕಾಲ ಈ ಮಾತನ್ನು ಕಣ್ಣಿಗೊತ್ತಿಕೊಂಡು ಒಪ್ಪಿತು. ಆ ಗಂಡ, ಅಂದರೆ ವೆನಿಸ್‌ನ ಚಿತ್ರಕಾರ ಆಂಟೋನಿಯೊ ಝುಕ್ಕಿ, ಹೆಂಡತಿಯ ಕುಂಚಕ್ಕೆ ಕಾವಲು ನಿಂತ ಜಿಪುಣನೆಂದೇ ಅನೇಕ ಬರಹಗಳಲ್ಲಿ ಉಳಿದುಬಿಟ್ಟ. ಆದರೆ ಈ ದಂಪತಿಯ ಪ್ರಯಾಣಗಳನ್ನೂ ಮನೆಯ ವಹಿವಾಟನ್ನೂ ಅವರ ಬಾಗಿಲಿಗೆ ಬಂದುಹೋದವರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಚಿತ್ರ ಮೂಡುತ್ತದೆ. ಅವರ ಆತಿಥ್ಯ ಬಿಡುವಿನ ವೇಳೆಯ ಸೊಗಸಾಗಿರಲಿಲ್ಲ. ಅದು ಅವರ ಕಸುಬಿನ ಒಂದು ಅಂಗವಾಗಿತ್ತು, ಮತ್ತು ಆ ಕಸುಬು ನಡೆಯುವಂತೆ ನೋಡಿಕೊಂಡವನು ಝುಕ್ಕಿ. ಈ ಪ್ರಕರಣದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಮದುವೆಗೆ ಮುಂಚಿನ ಲೆಕ್ಕ

ಆಂಜೆಲಿಕಾ ಹುಟ್ಟಿದ್ದು 1741ರಲ್ಲಿ, ಸ್ವಿಟ್ಜರ್ಲೆಂಡಿನ ಖೂರ್ ಪಟ್ಟಣದಲ್ಲಿ. ತಂದೆ ಯೋಹಾನ್ ಯೋಸೆಫ್ ಕೌಫ್‌ಮನ್ ಆಸ್ಟ್ರಿಯಾದ ಬ್ರೆಗೆನ್ಸ್ ಕಾಡುಸೀಮೆಯ ಶ್ವಾರ್ಟ್ಸೆನ್‌ಬೆರ್ಗ್ ಎಂಬ ಹಳ್ಳಿಯವನು, ಊರೂರು ತಿರುಗಿ ಕೆಲಸ ಹುಡುಕುತ್ತಿದ್ದ ಸಾಧಾರಣ ಚಿತ್ರಕಾರ. ಮಗಳ ಕೈಯಲ್ಲಿ ತನಗಿಲ್ಲದ್ದೇನೋ ಇದೆಯೆಂದು ಬೇಗನೆ ಕಂಡುಕೊಂಡ ಆತ ಅವಳನ್ನು ಕರೆದುಕೊಂಡು ಇಟಲಿ ಸುತ್ತಿದ. 1764ರಲ್ಲಿ, ಇನ್ನೂ ಇಪ್ಪತ್ತೆರಡರ ಹರೆಯದಲ್ಲಿ, ಆಕೆ ರೋಮ್‌ನಲ್ಲಿ ಪ್ರಾಚೀನ ಶಿಲ್ಪಗಳ ಮಹಾವಿದ್ವಾಂಸ ವಿಂಕೆಲ್‌ಮನ್‌ನ ಭಾವಚಿತ್ರ ಬರೆದಳು. ಮರುವರ್ಷ ಅಲ್ಲಿನ ಸಂತ ಲೂಕನ ಹೆಸರಿನ ಕಲಾ ಅಕಾಡೆಮಿ ಆಕೆಯನ್ನು ಸದಸ್ಯೆಯನ್ನಾಗಿ ಸೇರಿಸಿಕೊಂಡಿತು. 1766ರಲ್ಲಿ ಲಂಡನ್‌ಗೆ ಹೋದಳು, 1768ರಲ್ಲಿ ರಾಯಲ್ ಅಕಾಡೆಮಿ ಹುಟ್ಟಿದಾಗ ಅದರ ಸ್ಥಾಪಕ ಸದಸ್ಯರಲ್ಲಿದ್ದ ಇಬ್ಬರೇ ಹೆಂಗಸರಲ್ಲಿ ಒಬ್ಬಳಾದಳು. ಇನ್ನೊಬ್ಬಳು ಮೇರಿ ಮೋಸರ್. ಕೆಲವು ವರ್ಷಗಳ ನಂತರ ಝೊಫಾನಿ ಎಂಬ ಚಿತ್ರಕಾರ ಅಕಾಡೆಮಿಯ ಸದಸ್ಯರೆಲ್ಲ ನಗ್ನ ರೂಪದರ್ಶಿಯ ಸುತ್ತ ನೆರೆದಿರುವ ದೃಶ್ಯ ಬರೆದಾಗ ಹೆಂಗಸರಿಗೆ ಆ ಕೋಣೆಯಲ್ಲಿ ಜಾಗ ಕೊಡಲಾಗಲಿಲ್ಲ; ಗೋಡೆಯ ಮೇಲೆ ತೂಗುಹಾಕಿದ ಎರಡು ಮುಖಚಿತ್ರಗಳಾಗಿ ಅವರಿಬ್ಬರನ್ನೂ ತೋರಿಸಿದ.

ಲಂಡನ್ ಆಕೆಗೆ ಹೆಸರು ಕೊಟ್ಟಿತು, ಹಣ ಕೊಟ್ಟಿತು, ಜೊತೆಗೆ ಒಂದು ಮಾಯದ ಗಾಯವನ್ನೂ ಕೊಟ್ಟಿತು. 1767ರಲ್ಲಿ ಸ್ವೀಡನ್‌ನ ಕೌಂಟ್ ಎಂದು ಹೇಳಿಕೊಂಡು ಬಂದವನೊಬ್ಬನನ್ನು ಆಕೆ ಗುಟ್ಟಾಗಿ ಮದುವೆಯಾದಳು. ಆತ ವಂಚಕನೆಂದು ಬಯಲಾದ ಮೇಲೆ 1768ರಲ್ಲಿ ಬೇರ್ಪಡಬೇಕಾಯಿತು. ಆಕೆ ಕ್ಯಾಥೊಲಿಕ್ ಆದ್ದರಿಂದ ಅವನು ಬದುಕಿರುವವರೆಗೂ ಮರುಮದುವೆಗೆ ದಾರಿಯಿರಲಿಲ್ಲ. ಅವನು ಸತ್ತ ನಂತರ, 1781ರ ಜುಲೈ 14ರಂದು, ಆಂಟೋನಿಯೊ ಝುಕ್ಕಿಯೊಡನೆ ಆಕೆಯ ವಿವಾಹವಾಯಿತು. ಆಗ ಆಕೆಗೆ 39, ಆತನಿಗೆ 55. ಝುಕ್ಕಿ ಹೆಸರಿಲ್ಲದವನೇನೂ ಅಲ್ಲ: ವಾಸ್ತುಶಿಲ್ಪಿ ರಾಬರ್ಟ್ ಆಡಮ್ ಕಟ್ಟಿಸಿದ ಕೆನ್‌ವುಡ್, ಆಸ್ಟರ್ಲಿ, ನಾಸ್ಟೆಲ್ ಮುಂತಾದ ಸಿರಿವಂತರ ಮನೆಗಳ ಗೋಡೆ, ಮಾಳಿಗೆಗಳಿಗೆ ಚಿತ್ರ ಬರೆದವನು, ರಾಯಲ್ ಅಕಾಡೆಮಿಯ ಸಹಸದಸ್ಯ.

ಮದುವೆಗೆ ಮೊದಲೇ ಒಂದು ಕರಾರು ಬರೆಯಲಾಯಿತು. ಅಂದಿನ ಇಂಗ್ಲೆಂಡಿನ ಕಾನೂನಿನ ಪ್ರಕಾರ ಹೆಂಡತಿಯ ಗಳಿಕೆಯ ಮೇಲೆ ಗಂಡನಿಗೇ ಹಕ್ಕು. ಅದನ್ನು ತಪ್ಪಿಸಿ ಆಕೆಯ ಆಸ್ತಿಯನ್ನು ಆಕೆಯದಾಗಿಯೇ ಉಳಿಸುವ ಕರಾರು ಅದು. ಒಮ್ಮೆ ಸುಟ್ಟುಕೊಂಡ ಮಗಳಿಗಾಗಿ ಮುದಿ ತಂದೆ ವಹಿಸಿದ ಎಚ್ಚರ ಇದರಲ್ಲಿ ಕಾಣುತ್ತದೆ. ಈ ಕರಾರಿಗೆ ಝುಕ್ಕಿ ಒಪ್ಪಿದ್ದ ಎಂಬ ಸಂಗತಿಯನ್ನು ಆತನನ್ನು ಹಣದ ಆಸೆಯವನೆಂದು ಬರೆಯುವವರು ತಮ್ಮ ವಾದದೊಳಗೆ ಎಲ್ಲಾದರೂ ಕೂರಿಸಬೇಕು.

ವೆನಿಸ್, ನೇಪಲ್ಸ್, ರೋಮ್

ಮದುವೆಯಾದ ಕೆಲವೇ ದಿನಗಳಲ್ಲಿ ಗಂಡ, ಹೆಂಡತಿ, ಮಾವ ಮೂವರೂ ಲಂಡನ್ ಬಿಟ್ಟರು. ಫ್ಲಾಂಡರ್ಸ್ ಮತ್ತು ಜರ್ಮನ್ ಸೀಮೆಗಳ ಮೂಲಕ ಹೊರಟು, ಶ್ವಾರ್ಟ್ಸೆನ್‌ಬೆರ್ಗ್‌ನಲ್ಲಿ ತಂದೆಯ ಬಂಧುಗಳನ್ನು ಕಂಡು, ಆಲ್ಪ್ಸ್ ದಾಟಿ ಅಕ್ಟೋಬರ್ ಹೊತ್ತಿಗೆ ಝುಕ್ಕಿಯ ಹುಟ್ಟೂರಾದ ವೆನಿಸ್ ಸೇರಿದರು. ಶ್ವಾರ್ಟ್ಸೆನ್‌ಬೆರ್ಗ್‌ನ ಇಗರ್ಜಿಯ ಗೋಡೆಯ ಮೇಲೆ ಆಂಜೆಲಿಕಾ ಹದಿನಾರರ ಹುಡುಗಿಯಾಗಿದ್ದಾಗ ಬರೆದ, ಯೇಸುವಿನ ಶಿಷ್ಯರಾದ ಅಪೊಸ್ತಲರ ಚಿತ್ರಗಳಿದ್ದವು. ಯುರೋಪಿನ ಅರಮನೆಗಳಿಗೆ ಚಿತ್ರ ಕಳಿಸುತ್ತಿದ್ದವಳು ಇಪ್ಪತ್ತನಾಲ್ಕು ವರ್ಷದ ನಂತರ ಅವುಗಳ ಮುಂದೆ ಮತ್ತೆ ನಿಂತಾಗ ಮುದುಕ ಅಪ್ಪನೂ ಪಕ್ಕದಲ್ಲಿದ್ದ ಎಂದು ನೆನೆದರೆ ನನಗೆ ಮನಸ್ಸು ತುಂಬಿ ಬರುತ್ತದೆ. ಅದೇ ಅವನ ಕೊನೆಯ ಊರಪಯಣ.

1782ರ ಜನವರಿ ವೆನಿಸ್‌ನಲ್ಲಿ ಈ ಮನೆಗೆ ಎರಡು ಘಟನೆಗಳನ್ನು ತಂದಿತು. ರಶ್ಯದ ಯುವರಾಜ ಪಾವೆಲ್ ‘ಉತ್ತರದ ಕೌಂಟ್’ ಎಂಬ ಮಾರುಹೆಸರಿನಲ್ಲಿ ಪತ್ನಿಯೊಡನೆ ಪ್ರವಾಸ ಬಂದಿದ್ದ. ಆಂಜೆಲಿಕಾಳನ್ನು ಕಂಡು ಆಕೆಯ ಚಿತ್ರಗಳನ್ನು ಕೊಂಡ. ಅದೇ ತಿಂಗಳು ತಂದೆ ತೀರಿಕೊಂಡ. ಹುಟ್ಟಿದಾಗಿನಿಂದ ಆಕೆಯ ಗುರು, ಸಂಗಾತಿ, ವ್ಯವಹಾರಸ್ಥ ಎಲ್ಲವೂ ಆಗಿದ್ದವನ ಜಾಗಕ್ಕೆ ಝುಕ್ಕಿ ಬಂದದ್ದು ಆಗಲೇ.

ವೆನಿಸ್‌ನಲ್ಲಿ ಅವರು ಉಳಿಯಲಿಲ್ಲ. ರೋಮ್ ಹಾದು ನೇಪಲ್ಸ್‌ಗೆ ಹೋದರು. ಅಲ್ಲಿನ ದೊರೆ ನಾಲ್ಕನೆಯ ಫೆರ್ಡಿನಾಂಡ್ ಮತ್ತು ರಾಣಿ ಮಾರಿಯಾ ಕರೊಲಿನಾ ತಮ್ಮ ಇಡೀ ಕುಟುಂಬದ ಚಿತ್ರವನ್ನು ಆಕೆಯಿಂದ ಬರೆಸಿದರು. ಈಗ ಕಾಪೊದಿಮೊಂತೆ ಅರಮನೆಯ ಮ್ಯೂಸಿಯಂನಲ್ಲಿರುವ ಆ ಚಿತ್ರ ಸುಮಾರು ಮೂರು ಮೀಟರ್ ಎತ್ತರ, ನಾಲ್ಕು ಮೀಟರ್‌ಗೂ ಮಿಕ್ಕ ಅಗಲದ್ದು. ಅದರಲ್ಲಿ ಸಿಂಹಾಸನವಿಲ್ಲ, ಕಿರೀಟವಿಲ್ಲ. ಮರಗಳ ನೆರಳಿನಲ್ಲಿ ತಂದೆತಾಯಿ, ಮಕ್ಕಳು, ನಾಯಿಗಳು, ಹಾರ್ಪ್ ವಾದ್ಯದ ಬಳಿ ಒಬ್ಬ ರಾಜಕುಮಾರಿ, ಹೀಗೆ ತೋಟಕ್ಕೆ ಬಂದ ಮನೆಮಂದಿಯಂತೆ ದೊರೆಯ ಸಂಸಾರ ಕಾಣುತ್ತದೆ. ಮುಖಗಳ ಅಭ್ಯಾಸವನ್ನು ನೇಪಲ್ಸ್‌ನಲ್ಲಿ ಮಾಡಿಕೊಂಡು ದೊಡ್ಡ ಕ್ಯಾನ್ವಾಸನ್ನು ರೋಮ್‌ನಲ್ಲಿ ಮುಗಿಸಿ 1784ರಲ್ಲಿ ಒಪ್ಪಿಸಿದಳು. ರಾಣಿ ಆಕೆಯನ್ನು ಆಸ್ಥಾನದಲ್ಲೇ ಉಳಿಯುವಂತೆ ಕೇಳಿದಳು, ರಾಜಕುಮಾರಿಯರಿಗೆ ಆಕೆಯಿಂದ ಚಿತ್ರಪಾಠವನ್ನೂ ಹೇಳಿಸಿದಳು. ಆಂಜೆಲಿಕಾ ಒಪ್ಪಲಿಲ್ಲ. ಆಸ್ಥಾನದ ಕಲಾವಿದೆಗೆ ವರ್ಷಾಶನ ನಿಶ್ಚಿತ, ಆದರೆ ಏನು ಬರೆಯಬೇಕೆಂಬುದೂ ಯಾರಿಗಾಗಿ ಬರೆಯಬೇಕೆಂಬುದೂ ಮತ್ತೊಬ್ಬರ ಮರ್ಜಿ. ಆ ಭದ್ರತೆಯನ್ನು ಕೈಬಿಟ್ಟವರು ತಮ್ಮ ಭದ್ರತೆಯನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಈ ನಿರ್ಧಾರವನ್ನು ಮರೆತರೆ ಮುಂದಿನ ಹದಿಮೂರು ವರ್ಷಗಳ ದುಡಿಮೆ ಬರೀ ದುರಾಸೆಯಂತೆ ಕಂಡೀತು.

ಮನೆ ಮತ್ತು ವಹಿ

1782ರ ಕೊನೆಯಲ್ಲಿ ದಂಪತಿ ರೋಮ್‌ನಲ್ಲಿ ನೆಲೆನಿಂತರು. ತ್ರಿನಿತಾ ದೇಯಿ ಮೊಂತಿ ಇಗರ್ಜಿಗೆ ಹತ್ತಿರ, ವಿಯಾ ಸಿಸ್ತಿನಾ ಬೀದಿಯಲ್ಲಿ, ಹಿಂದೆ ಹೆಸರಾಂತ ಚಿತ್ರಕಾರ ಮೆಂಗ್ಸ್ ವಾಸವಾಗಿದ್ದ ಮನೆ ಅದು. ಆಯ್ಕೆ ಅಡ್ಡಾದಿಡ್ಡಿಯಾದದ್ದಲ್ಲ. ಮೆಟ್ಟಿಲಿಳಿದರೆ ಪಿಯಾಝಾ ದಿ ಸ್ಪಾನ್ಯಾ. ಇಂಗ್ಲಿಷರು, ಜರ್ಮನ್ನರು, ಫ್ರೆಂಚರು, ರಶ್ಯನ್ನರು ಬಂದು ಇಳಿದುಕೊಳ್ಳುತ್ತಿದ್ದ ಪರದೇಶಿಗಳ ಕೇರಿ ಅದರ ಸುತ್ತ ಹಬ್ಬಿತ್ತು. ಯುರೋಪಿನ ಸಿರಿವಂತ ಮನೆತನಗಳ ಮಕ್ಕಳು ಶಿಕ್ಷಣದ ಭಾಗವಾಗಿ ಇಟಲಿ ಸುತ್ತುತ್ತಿದ್ದ ಕಾಲ. ಪ್ರವಾಸಿಗರು ಚಳಿಗಾಲಕ್ಕೆ ಬಂದು, ಕಾರ್ನಿವಲ್ ನೋಡಿ, ಈಸ್ಟರ್ ವಾರದ ಪೂಜೆಗಳು ಮುಗಿದ ಮೇಲೆ ಚದುರುತ್ತಿದ್ದರು. ಬಂದವರು ನೋಡಲೇಬೇಕಾದ ಸ್ಥಳಗಳ ಪಟ್ಟಿಯಲ್ಲಿ ಕಲಾವಿದರ ಚಿತ್ರಶಾಲೆಗಳೂ ಇದ್ದವು. ಮನೆಗೆ ಬಂದ ಅತಿಥಿ ಗೋಡೆಯ ಮೇಲೆ ಮುಗಿದ ಚಿತ್ರ ನೋಡುತ್ತಾನೆ, ಸ್ಟ್ಯಾಂಡಿನ ಮೇಲೆ ಅರ್ಧ ಆದದ್ದನ್ನು ನೋಡುತ್ತಾನೆ, ತನ್ನ ಭಾವಚಿತ್ರಕ್ಕೋ ಊರಿನ ಮನೆಯ ಗೋಡೆಗೊಂದು ಪುರಾಣದ ದೃಶ್ಯಕ್ಕೋ ಮಾತು ಕೊಟ್ಟು ಹೋಗುತ್ತಾನೆ. ವಿಯೆನ್ನಾದ ಚಕ್ರವರ್ತಿ ಎರಡನೆಯ ಜೋಸೆಫ್ ಆಕೆಗೆ ಚಿತ್ರಗಳನ್ನು ಬರೆಯಹೇಳಿದ್ದೂ, ಪೋಲೆಂಡ್ ದೊರೆಯ ಸೋದರನ ಮಗ ಸ್ತಾನಿಸ್ಲಾವ್ ಪೊನ್ಯಾತೊವ್‌ಸ್ಕಿ ಭಾವಚಿತ್ರ ಬರೆಸಿಕೊಂಡದ್ದೂ ಈ ಮನೆಯ ವರ್ಷಗಳಲ್ಲೇ.

ಆಂಜೆಲಿಕಾ ಜರ್ಮನ್, ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ನಾಲ್ಕನ್ನೂ ಆಡಬಲ್ಲವಳಾದ್ದರಿಂದ ಆ ಮನೆಯಲ್ಲಿ ಯಾವ ದೇಶದವನಿಗೂ ದುಭಾಷಿ ಬೇಕಿರಲಿಲ್ಲ. ಇದು ಸಣ್ಣ ಅನುಕೂಲವಲ್ಲ. ಭಾವಚಿತ್ರಕ್ಕೆ ಕೂತವರನ್ನು ಗಂಟೆಗಟ್ಟಲೆ ಮಾತಿನಲ್ಲಿ ಹಿಡಿದಿಡುವುದು ಆ ಕೆಲಸದ ಅರ್ಧ ಭಾಗ.

ಇನ್ನರ್ಧ ಭಾಗ ಝುಕ್ಕಿಯ ವಹಿಯಲ್ಲಿದೆ. 1781ರ ಅಕ್ಟೋಬರ್‌ನಲ್ಲಿ, ವೆನಿಸ್ ಸೇರಿದ ಹೊಸತರಲ್ಲಿ, ಆತ ಹೆಂಡತಿ ಬರೆದ ಚಿತ್ರಗಳ ದಾಖಲೆ ಇಡತೊಡಗಿದ. ಇಟಾಲಿಯನ್‌ನಲ್ಲಿರುವ ಆ ಕೈಬರಹದ ಪುಸ್ತಕ ಇಂದು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿದೆ. ಯಾವ ತಿಂಗಳು, ಯಾರಿಗಾಗಿ, ಎಷ್ಟು ಅಳತೆ, ದೃಶ್ಯದಲ್ಲಿ ಯಾರು ಎಲ್ಲಿ ನಿಂತು ಏನು ಮಾಡುತ್ತಿದ್ದಾರೆ, ಎಷ್ಟು ಝೆಕ್ಕಿನೊ ಚಿನ್ನದ ನಾಣ್ಯ ಬಂತು ಎಂಬುದನ್ನೆಲ್ಲ ತಾಳ್ಮೆಯಿಂದ ಬರೆದಿಟ್ಟ ವಹಿ. ಆ ಶತಮಾನದ ಬೇರೆ ಎಷ್ಟೋ ಕಲಾವಿದರ, ಅದರಲ್ಲೂ ಕಲಾವಿದೆಯರ, ಕೃತಿಗಳು ಹೆಸರು ಕಳೆದುಕೊಂಡು ಇನ್ಯಾರದ್ದೋ ಲೆಕ್ಕಕ್ಕೆ ಸೇರಿಹೋಗಿವೆ. ಆಂಜೆಲಿಕಾಳ ಇಟಲಿಯ ಚಿತ್ರಗಳನ್ನು ವಿದ್ವಾಂಸರು ಇಂದು ಒಂದೊಂದಾಗಿ ಗುರುತಿಸಬಲ್ಲರಾದರೆ ಅದಕ್ಕೆ ಮೊದಲ ಕಾರಣ ಈ ವಹಿ. ಬರೀ ದುಡ್ಡಿನ ಮೇಲೆ ಕಣ್ಣಿಟ್ಟವನಿಗೆ ಮೊತ್ತ ಬರೆದಿಟ್ಟರೆ ಸಾಕಿತ್ತು. ಚಿತ್ರದೊಳಗಿನ ಆಕೃತಿಗಳ ಭಂಗಿಯನ್ನು ವಿವರಿಸಿ ಬರೆಯುವವನು ಆ ಚಿತ್ರವನ್ನು ಚಿತ್ರಕಾರನ ಕಣ್ಣಿನಿಂದ ನೋಡಿದ್ದಾನೆ.

ಪ್ರಯಾಣವೂ ಈ ವಹಿಯೊಳಕ್ಕೆ ಬೇರೆ ರೂಪದಲ್ಲಿ ಬಂದು ಸೇರುತ್ತದೆ. ಲಂಡನ್ನಿನ ಜಾರ್ಜ್ ಬೌಲ್ಸ್ ಎಂಬ ಸಂಗ್ರಾಹಕನಿಗಾಗಿ 1785ರಲ್ಲಿ ಆಕೆ ಬರೆದ ಮೂರು ಚಿತ್ರಗಳನ್ನು ನೋಡಿ. ಒಂದರಲ್ಲಿ ವೆಸುವಿಯಸ್ ಸ್ಫೋಟಿಸುತ್ತಿರುವಾಗ ಪ್ರಾಚೀನ ರೋಮ್‌ನ ಲೇಖಕ ಕಿರಿಯ ಪ್ಲಿನಿ ತಾಯಿಯೊಡನೆ ಮಿಸೆನಮ್‌ನಲ್ಲಿ ಕೂತಿದ್ದಾನೆ. ಇನ್ನೊಂದರಲ್ಲಿ ಸಾಯುವ ಹೊತ್ತಿನ ಕವಿ ವರ್ಜಿಲ್ ತನ್ನ ಸಮಾಧಿಯ ಬರಹವನ್ನು ತಾನೇ ಬರೆಯುತ್ತಿದ್ದಾನೆ. ಮಿಸೆನಮ್ ಇರುವುದು ನೇಪಲ್ಸ್ ಕೊಲ್ಲಿಯ ಅಂಚಿನಲ್ಲಿ. ವರ್ಜಿಲ್‌ನದೆಂದು ತೋರಿಸುವ ಸಮಾಧಿಯೂ ನೇಪಲ್ಸ್ ಬಳಿಯದೇ, ಪ್ರವಾಸಿಗರು ತಪ್ಪದೆ ನೋಡುವ ಜಾಗ. ದಂಪತಿ ನಡೆದಾಡಿದ ನೆಲ ಹೀಗೆ ಕ್ಯಾನ್ವಾಸಾಗಿ, ಸುರುಳಿಯಾಗಿ, ಹಡಗೇರಿ ಲಂಡನ್ ಸೇರುತ್ತಿತ್ತು.

ಮೂರನೆಯದು ರೋಮನ್ ತಾಯಿ ಕೊರ್ನೇಲಿಯಾಳ ಚಿತ್ರ, ಈಗ ಅಮೆರಿಕದ ವರ್ಜೀನಿಯಾದಲ್ಲಿದೆ. ಮನೆಗೆ ಬಂದ ಸಿರಿವಂತ ಹೆಂಗಸು ಕೂತು ತನ್ನ ಒಡವೆಗಳನ್ನು ತೋರಿಸಿ, ನಿನ್ನವು ಎಲ್ಲಿ ಎಂದು ಕೇಳಿದ್ದಾಳೆ. ಕೊರ್ನೇಲಿಯಾ ತನ್ನ ಗಂಡುಮಕ್ಕಳತ್ತ ಕೈ ತೋರುತ್ತಿದ್ದಾಳೆ. ನೀತಿ ಎಲ್ಲರಿಗೂ ಗೊತ್ತಿರುವುದೇ. ಆದರೆ ತಾಯಿಯ ಒಂದು ಕೈ ಹಿಡಿದು ನಿಂತ ಪುಟ್ಟ ಮಗಳ ಕಣ್ಣು ಮಾತ್ರ ಅತಿಥಿಯ ಮಡಿಲಿನ ಸರದ ಮೇಲೆಯೇ ಇದೆ. ಅಷ್ಟು ಗಂಭೀರವಾದ ಕಥೆಯೊಳಗೆ ಆ ಮಗುವಿನ ಆಸೆಯನ್ನು ಮೆಲ್ಲಗೆ ಇಟ್ಟಿರುವುದು ಆಂಜೆಲಿಕಾಳ ಕೈ.

ಭಾನುವಾರಗಳು

1786ರ ನವೆಂಬರ್ ಹೊತ್ತಿಗೆ ರೋಮ್‌ಗೆ ಮುವತ್ತೇಳು ವರ್ಷದ ಗಯಟೆ ಬಂದ. ಚಿತ್ರಕಾರ ಮ್ಯೋಲರ್ ಎಂಬ ಸುಳ್ಳು ಹೆಸರಿಟ್ಟುಕೊಂಡು ಕೊರ್ಸೊ ಬೀದಿಯಲ್ಲಿ ಟಿಶ್‌ಬೈನ್ ಎಂಬ ಕಲಾವಿದನ ಜೊತೆ ಇಳಿದುಕೊಂಡ. ಕಾಳಿದಾಸನ ಶಾಕುಂತಲವನ್ನು ಹೊಗಳಿದವನೆಂದು ನಮ್ಮಲ್ಲಿ ಎಲ್ಲರೂ ಬಲ್ಲ ಗಯಟೆ ಇವನೇ. ಆ ನಾಟಕದ ಜರ್ಮನ್ ಅನುವಾದ ಅವನ ಕೈ ಸೇರುವುದಕ್ಕೆ ಇನ್ನೂ ಐದು ವರ್ಷವಿತ್ತು. ರೋಮ್‌ನಲ್ಲಿ ಪದ್ಯರೂಪಕ್ಕೆ ತಿರುಗಿಸಿದ ತನ್ನ ‘ಇಫಿಗೇನಿಯ’ ನಾಟಕವನ್ನು ಆತ ಈ ದಂಪತಿಯ ಸ್ನೇಹವಲಯದಲ್ಲಿ ಓದಿದ. ಆಂಜೆಲಿಕಾ ಗಮನವಿಟ್ಟು ಕೇಳಿದ್ದಷ್ಟೇ ಅಲ್ಲ, ಅದರ ದೃಶ್ಯವೊಂದನ್ನು ರೇಖೆಯಲ್ಲಿ ಬಿಡಿಸಿದಳು.

ವಾರವೆಲ್ಲ ದುಡಿಮೆ, ಭಾನುವಾರ ಬಿಡುವು ಎಂಬುದು ಆ ಮನೆಯ ಕ್ರಮ. 1787ರ ಬೇಸಿಗೆಯ ಭಾನುವಾರಗಳಂದು ಗಂಡ, ಹೆಂಡತಿ, ಜೊತೆಗೆ ರಶ್ಯದ ಮತ್ತು ಗೊಥಾದ ಆಸ್ಥಾನಗಳಿಗೆ ಕಲಾಕೃತಿ ಕೊಡಿಸುತ್ತಿದ್ದ ರೈಫೆನ್‌ಸ್ಟೈನ್, ಮೂವರೂ ಸಾರೋಟಿನಲ್ಲಿ ಗಯಟೆಯ ಬಾಗಿಲಿಗೆ ಬರುತ್ತಿದ್ದರು. ರೊಟ್ಟಿ ಸುಡುವ ಒಲೆಯೊಳಗಿನಂಥ ಸೆಕೆಯಲ್ಲಿ ಯಾವುದಾದರೂ ಅರಮನೆಯ ಚಿತ್ರಸಂಗ್ರಹಕ್ಕೆ ಹೋಗಿ, ಕೆಲವು ಗಂಟೆ ಅಲ್ಲಿದ್ದು, ಮಧ್ಯಾಹ್ನ ವಿಯಾ ಸಿಸ್ತಿನಾದ ಮನೆಗೆ ಮರಳಿ ಎಲ್ಲರೂ ಸಮೃದ್ಧವಾದ ಊಟಕ್ಕೆ ಕೂರುತ್ತಿದ್ದರು. ಆಂಜೆಲಿಕಾಳ ಜೊತೆ ಚಿತ್ರ ನೋಡುವುದು ಬಹಳ ಹಿತವೆಂದು ಗಯಟೆ ಬರೆದಿದ್ದಾನೆ. ಆಕೆಯ ಕಣ್ಣು ಅಷ್ಟು ಪಳಗಿದ್ದು, ಕಸುಬಿನ ಅರಿವು ಅಷ್ಟು ದೊಡ್ಡದು. ಆಕೆ ನಾಟಕಶಾಲೆಗೆ ಹೋಗುತ್ತಿರಲಿಲ್ಲವಾದ್ದರಿಂದ ಅದೇ ಬೇಸಿಗೆಯಲ್ಲಿ ಗಯಟೆ ತನ್ನ ಬಿಡಾರದಲ್ಲೇ ಸಂಗೀತ ಏರ್ಪಡಿಸಿದ. ಚಿಕ್ಕಂದಿನಲ್ಲಿ ಹಾಡುಗಾರ್ತಿಯಾಗುವುದೋ ಚಿತ್ರಕಾರ್ತಿಯಾಗುವುದೋ ಎಂದು ತೊಳಲಿದ್ದವಳಿಗೆ ಇದಕ್ಕಿಂತ ಒಳ್ಳೆಯ ಕಾಣಿಕೆ ಇರಲಾರದು. ಆ ತೊಳಲಾಟವನ್ನು ಆಕೆ 1790ರ ದಶಕದಲ್ಲಿ ದೊಡ್ಡ ಚಿತ್ರವನ್ನಾಗಿ ಬರೆದಳು. ಅದರ ಒಂದು ಪ್ರತಿ ಇಂದು ಇರುವುದು ಝುಕ್ಕಿ ಹಿಂದೊಮ್ಮೆ ಗೋಡೆಗಳನ್ನು ಸಿಂಗರಿಸಿದ್ದ ಅದೇ ನಾಸ್ಟೆಲ್ ಮನೆಯಲ್ಲಿ.

ಆಕೆ ಗಯಟೆಯ ಭಾವಚಿತ್ರವನ್ನೂ ಬರೆದಳು. ಚೆಲುವ ಹುಡುಗನೇನೋ ಹೌದು, ಆದರೆ ತನ್ನ ಸುಳಿವೇ ಅದರಲ್ಲಿಲ್ಲ ಎಂಬುದು ಅವನ ಅಭಿಪ್ರಾಯ. ಜರ್ಮನಿಯಲ್ಲಿ ಅವನ ಊರಾದ ವೈಮರ್‌ನಲ್ಲಿರುವ ಆ ಚಿತ್ರದ ದೊಡ್ಡ ಕಣ್ಣುಗಳನ್ನೂ ಮೆದುವಾದ ಬಾಯಿಯನ್ನೂ ನೋಡಿದರೆ ಅವನ ಮಾತು ಸರಿಯೆನಿಸುತ್ತದೆ. ಆಕೆ ಬರೆದಿರುವುದು ಭಾನುವಾರದ ಊಟದ ಮೇಜಿನ ಎದುರು ಕೂತ ಗೆಳೆಯನನ್ನು. 1788ರ ಏಪ್ರಿಲ್‌ನಲ್ಲಿ ಅವನು ರೋಮ್ ಬಿಟ್ಟ ಮೇಲೆ ಆಕೆ ಬರೆದ ಕಾಗದಗಳಲ್ಲಿ, ಅವನು ಹೊರಟ ದಿನ ತನ್ನ ಬದುಕಿನ ದುಃಖದ ದಿನಗಳಲ್ಲಿ ಒಂದೆಂದೂ, ಹಿಂದೆ ಸಂತೋಷ ತರುತ್ತಿದ್ದ ಭಾನುವಾರಗಳು ಈಗ ಬೇಸರದ ದಿನಗಳಾಗಿವೆಯೆಂದೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡಳು. ಅವನು ಬೀಜದಿಂದ ಬೆಳೆಸಿದ್ದ ಪೈನ್ ಸಸಿಯನ್ನು ಆಕೆಯ ತೋಟದಲ್ಲಿ ನೆಡಲಾಗಿತ್ತು. ವರ್ಷಗಟ್ಟಲೆ ಅದು ಎತ್ತರಕ್ಕೆ ಬೆಳೆಯಿತು, ನೋಡಿ ಬಂದವರು ಅವನಿಗೆ ಸುದ್ದಿ ಹೇಳುತ್ತಿದ್ದರು. ಆಕೆಯ ನಂತರ ಮನೆಗೆ ಬಂದ ಹೊಸ ಮಾಲೀಕ ಹೂವಿನ ಪಾತಿಯ ನಡುವೆ ಪೈನ್ ಮರ ಸಲ್ಲದೆಂದು ತೆಗೆಸಿದನಂತೆ.

ಗಯಟೆ ಹೋದರೂ ಅವನ ಊರಿನವರು ಬಂದರು. 1788ರಲ್ಲಿ ವೈಮರ್‌ನ ವಿಧವೆ ರಾಣಿ ಆನಾ ಅಮಾಲಿಯ ಮತ್ತು ಚಿಂತಕ ಹೆರ್ಡರ್ ರೋಮ್‌ಗೆ ಬಂದಿಳಿದರು. ಇಬ್ಬರ ಭಾವಚಿತ್ರವನ್ನೂ ಆಕೆ ಬರೆದಳು. 1789ರಲ್ಲಿ ಈ ಬಳಗ ತಿವೊಲಿಯ ವಿಲ್ಲಾ ದೆಸ್ತೆ ತೋಟದಲ್ಲಿ ನೆರೆದಿರುವುದನ್ನು ಶ್ಯುಟ್ಸ್ ಎಂಬ ಕಲಾವಿದ ಜಲವರ್ಣದಲ್ಲಿ ಹಿಡಿದಿಟ್ಟಿದ್ದಾನೆ. ರಾಣಿ, ಹೆರ್ಡರ್, ರೈಫೆನ್‌ಸ್ಟೈನ್ ಇವರ ನಡುವೆ ಆಂಜೆಲಿಕಾ ಸಮಾನಳಾಗಿ ಕೂತಿದ್ದಾಳೆ. ಅದೇ ವರ್ಷದ ಕೊನೆಗೆ ಕ್ರಾಂತಿಗೆ ಹೆದರಿ ಪ್ಯಾರಿಸ್ ಬಿಟ್ಟ ಚಿತ್ರಕಾರ್ತಿ ವಿಜೆ ಲ ಬ್ರುನ್ ಕೂಡ ಆಕೆಯನ್ನು ಕಂಡು ಮಾತಾಡಿದಳು.

ಝುಕ್ಕಿಯ ಪಾಲು

ಈಗ ಗಯಟೆಯ ದೂರಿಗೆ ಮರಳಬೇಕು. ಮಕ್ಕಳಿಲ್ಲದವರು, ಬಡ್ಡಿಯನ್ನೇ ತಿಂದು ತೀರಿಸಲಾರರು. ಇನ್ನಾದರೂ ಆಕೆ ನಿಧಾನವಾಗಿ, ಹೆಚ್ಚು ಅಭ್ಯಾಸ ಮಾಡಿ, ತನ್ನ ಸಂತೋಷಕ್ಕಾಗಿ ಬರೆಯಬಾರದೇ ಎಂದು ಅವನು ಕೇಳಿದ್ದು ನಿಜವಾದ ಗೆಳೆಯನ ಕಳಕಳಿ. ಆಕೆ ದಣಿದಿದ್ದಳೆಂಬುದನ್ನು ಅಲ್ಲಗಳೆಯಲು ನನ್ನಲ್ಲಿ ಕಾರಣವಿಲ್ಲ. ಎಲ್ಲ ದೇಶದವರಿಗೂ ತೆರೆದ ಮನೆಯ ಬೆಲೆಯನ್ನು ಕೊನೆಗೆ ಕೊಟ್ಟವಳು ಆಕೆಯೇ: ಬಂದವರೆಲ್ಲ ತಮ್ಮ ಮುಖ ಬರೆಸಿಕೊಳ್ಳಬೇಕೆಂದರು, ಆಕೆಯ ಮನಸ್ಸಿದ್ದದ್ದು ಇತಿಹಾಸ ಮತ್ತು ಪುರಾಣದ ಚಿತ್ರಗಳಲ್ಲಿ. ಆದರೆ ಆ ದೂರು ವೈಮರ್ ಸಂಸ್ಥಾನದ ಸಂಬಳ ಪಡೆಯುತ್ತ ರಜೆಯಲ್ಲಿ ಬಂದ ಮಂತ್ರಿಯದು ಎಂಬುದನ್ನು ಮರೆಯಬಾರದು. ಝುಕ್ಕಿ ದಂಪತಿಗೆ ಯಾವ ಆಸ್ಥಾನದ ಸಂಬಳವೂ ಇರಲಿಲ್ಲ, ಅದನ್ನು ಅವರು ತಾವಾಗಿ ಒಲ್ಲೆವೆಂದಿದ್ದರು. ಅದೇ 1787ರಲ್ಲಿ ಆಂಜೆಲಿಕಾ ಹಿಂದಿನ ಕಾಲದ ವೆನಿಸ್ ಚಿತ್ರಕಾರರಾದ ಟಿಷಿಯನ್‌ನ ಒಂದು, ಪಾರಿಸ್ ಬೊರ್ದೊನೆಯ ಒಂದು ಚಿತ್ರವನ್ನು ದೊಡ್ಡ ಬೆಲೆಗೆ ಕೊಂಡಳೆಂದು ಗಯಟೆಯೇ ಬರೆಯುತ್ತಾನೆ. ಜಿಪುಣನ ಮನೆಯಲ್ಲಿ ಹೀಗೆ ಆಗುವುದಿಲ್ಲ. ಮದುವೆಯ ನಂತರ ಝುಕ್ಕಿ ತನ್ನ ಸ್ವಂತ ಕುಂಚವನ್ನು ಬಹುಮಟ್ಟಿಗೆ ಕೆಳಗಿಟ್ಟ ಎಂಬುದನ್ನು ಗಮನಿಸಿದವರು ಕಡಿಮೆ. ಅವನು ಲೆಕ್ಕ ನೋಡಿಕೊಂಡದ್ದರಿಂದಲೇ ಆಕೆಯ ದಿನಗಳಲ್ಲಿ ಚಿತ್ರಕ್ಕೆ ಅಷ್ಟು ಗಂಟೆಗಳು ಉಳಿದವು.

1795ರ ಡಿಸೆಂಬರ್‌ನಲ್ಲಿ ಝುಕ್ಕಿ ತೀರಿಕೊಂಡ. ಅವನ ಎಚ್ಚರಕ್ಕೆ ಕಾರಣವಿತ್ತೆಂಬುದು ಎರಡೇ ವರ್ಷದಲ್ಲಿ ತಿಳಿಯಿತು. 1798ರ ಫೆಬ್ರವರಿಯಲ್ಲಿ ಫ್ರೆಂಚ್ ಸೇನೆ ರೋಮ್ ಹೊಕ್ಕಿತು. ಪ್ರವಾಸಿಗರ ದಾರಿ ನಿಂತಿತು, ಯುದ್ಧದಲ್ಲಿ ಆಕೆಯ ಉಳಿತಾಯದ ದೊಡ್ಡ ಭಾಗ ಹೋಯಿತು. ಸೈನಿಕರನ್ನು ಮನೆಯಲ್ಲಿ ಇರಿಸಿಕೊಳ್ಳುವ ಹೊರೆಯಿಂದ ಆಕೆಯನ್ನು ಬಿಡಿಸಿದ ಜನರಲ್ ಲೆಸ್ಪಿನಾಸ್‌ಗೆ ಆಕೆ ಭಾವಚಿತ್ರ ಬರೆದುಕೊಟ್ಟಳು. ಝುಕ್ಕಿ ತೊಡಗಿಸಿದ ವಹಿಯೂ ಆ ವರ್ಷಕ್ಕೇ ನಿಲ್ಲುತ್ತದೆ. 1802ರಲ್ಲಿ, ಕಾಯಿಲೆಯಿಂದ ಚೇತರಿಸಿಕೊಂಡ ಮೇಲೆ, ತಂದೆಯ ಕಡೆಯ ಸೋದರ ಸಂಬಂಧಿಯೊಬ್ಬನ ಜೊತೆ ಫ್ಲಾರೆನ್ಸ್, ಮಿಲಾನ್, ಕೊಮೊ, ವೆನಿಸ್ ಸುತ್ತಿ ಬಂದಳು. ಹುಡುಗಿಯಾಗಿದ್ದಾಗ ಅಪ್ಪನ ಕೈಹಿಡಿದು ನೋಡಿದ ಊರುಗಳೇ ಅವು.

1807ರ ನವೆಂಬರ್ 5ರಂದು ಆಕೆ ರೋಮ್‌ನಲ್ಲಿ ಕಣ್ಣುಮುಚ್ಚಿದಳು. ಶಿಲ್ಪಿ ಕನೋವಾ ಮುಂದೆ ನಿಂತು ಶವಯಾತ್ರೆಯ ಏರ್ಪಾಡು ಮಾಡಿದ. ಹಿಂದೆ ಚಿತ್ರಕಾರ ರಫೇಲ್‌ಗೆ ಸಂದ ಗೌರವದ ಮಾದರಿಯಲ್ಲಿ ಆಕೆಯದೇ ಎರಡು ಚಿತ್ರಗಳನ್ನು ಪೆಟ್ಟಿಗೆಯ ಹಿಂದೆ ಹೊತ್ತು ತಂದರು, ಅಕಾಡೆಮಿಯವರು ಸಾಲಾಗಿ ನಡೆದರು. ಆಕೆಯ ಎದೆಮಟ್ಟದ ಪ್ರತಿಮೆಯನ್ನು ರೋಮ್‌ನ ಪ್ರಾಚೀನ ದೇಗುಲ ಪ್ಯಾಂಥಿಯನ್‌ನಲ್ಲಿ ಇರಿಸಲಾಯಿತು. ದೇಹವನ್ನು ಮಾತ್ರ ವಿಯಾ ಸಿಸ್ತಿನಾದ ಮನೆಯಿಂದ ಸ್ವಲ್ಪವೇ ದೂರದ ಸಾಂತ್ ಆಂದ್ರೇಯಾ ದೆಲ್ಲೆ ಫ್ರಾತ್ತೆ ಇಗರ್ಜಿಯಲ್ಲಿ, ಹನ್ನೆರಡು ವರ್ಷದ ಹಿಂದೆ ಮಣ್ಣುಮಾಡಿದ್ದ ಆಂಟೋನಿಯೊ ಝುಕ್ಕಿಯ ಪಕ್ಕದಲ್ಲಿ ಇಟ್ಟರು.